ಊಡಾನ್ ಅಂಗಡಿಯ ಬಿಸಿ ಸಾರು

ಸ್ಯಾನ್ ಡಿಯಾಗೋದ ಊಡಾನ್ ನೂಡಲ್ಸ್ ಅಂಗಡಿಯ ಹೊರಗೆ, ಸಾಲಿನಲ್ಲಿ ನನ್ನ ಮುಂದೆ ಧಾರವಾಡ ಕಡೆಯ ಗಂಡ ಹೆಂಡತಿ ನಿಂತಿದ್ದರು. ಆಕೆಯ ಹೆಗಲ ಮೇಲೆ ಕೂಸು ಮಲಗಿತ್ತು. ಮೆನು ಕೊಟ್ಟು, ಸಾರಿನ ಬಗ್ಗೆ ಆಕೆ ಕೇಳಿದ್ದಕ್ಕೆ ಉತ್ತರ ಹೇಳಿ ಹುಡುಗಿ ಒಳಗೆ ಹೋದಳು.

“ಕೇಳಿದ್ರಿಲ್ಲೋ? ಈ ಸಾರು ಮೀನಿಂದ ಮಾಡ್ತಾರಂತ.”

“ಹೂಂ.”

“ನಿಮಗ ಮೊದಲ ಗೊತ್ತಿತ್ತೇನು?”

“ಬಸುರಿದ್ದಾಗ ನಿನಗ ಬ್ಯಾರೆ ಏನೂ ದಕ್ಕತಿರಲಿಲ್ಲ, ಸುಮಂಗಲಾ. ಇದೊಂದ ಹೊಟ್ಯಾಗ ನಿಲ್ತಿತ್ತು.”

“ತತ್ತಿ ಸೈತ ಮುಟ್ಟದಾಕಿಗೆ ವಾರಾ ವಾರಾ ಕರ್ಕೊಂಡು ಬಂದು ಕುಡಿಸಿದ್ರಿ.”

“ನಿನ್ನ ಸಲುವಾಗಿನೇ.”

“ಅದಕ್ಕ ನೀವು ಮಾತ್ರ ಹಸಿವಿಲ್ಲ ಅಂತ ಬರೇ ಚಾ ಕುಡ್ಕೋತ ಕುಂದರ್ತಿದ್ರಿ.”



ಒಳಗಿನಿಂದ ಅವರ ಹೆಸರು ಕೂಗಿದರು. ಆಕೆ ಕೂಸನ್ನು ಇನ್ನಷ್ಟು ಅವಚಿಕೊಂಡು ಕಾರಿನ ಕಡೆ ನಡೆದಳು.