ಅಣ್ಣ ಕರೆಯಲೆಂದು ಕಾದವಳು

ಪ್ರೀತಿಸೋದು ಕಷ್ಟ ಅಲ್ಲ, ತಾಯಂದಿರೇ. ಆ ಪ್ರೀತಿ ನಮಗೆ ಬೇಕಾದ ಹಾಗೇ ತಿರುಗಿ ಬರಬೇಕು ಅಂತ ಕಾಯ್ತೀವಲ್ಲ, ಕಷ್ಟ ಶುರುವಾಗೋದು ಅಲ್ಲಿ. ಹೌದೋ ಅಲ್ಲವೋ? ಈಗ ತಲೆ ಅಲ್ಲಾಡಿಸ್ತೀರಿ, ಪ್ರವಚನ ಕೇಳಿ ಮನೆ ಮುಟ್ಟೋದರೊಳಗೆ ಮರೀತೀರಿ. ಅದಕ್ಕೇ ಒಂದು ಕಥೆ ಹೇಳ್ತೀನಿ, ಕಥೆ ಆದರೆ ಮರೆಯೋದಿಲ್ಲ.

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ ಅನ್ನೋ ಕಥೆ ಬಹಳ ಕೇಳಿದ್ದೀರಿ. ಇವತ್ತು ಸಾಹುಕಾರ ಬೇಡ. ಒಂದೂರಲ್ಲಿ ಒಬ್ಬ ತಂಗಿ ಇದ್ದಳು. ಹೆಸರು ನೀಲಾಂಬಿಕೆ, ಮನೆಯಲ್ಲಿ ನೀಲವ್ವ. ಅವಳಿಗೊಬ್ಬ ಅಣ್ಣ, ಶಿವಬಸು. ಅಣ್ಣನಿಗೆ ಕಿವಿ ಕೇಳ್ತದೆ, ನಾಲಿಗೆ ಸರಿ ಇದೆ, ಮಾತು ಮಾತ್ರ ಇಲ್ಲ. ಕರೆದರೆ ತಿರುಗೋದಿಲ್ಲ. ಮುಖ ಕೊಟ್ಟು ನೋಡೋದಿಲ್ಲ. ಕಟ್ಟೆಯ ಮೇಲೆ ಕೂತು ಎದುರು ಗೋಡೆಯ ಮೇಲಿನ ನೆರಳು ಅಲ್ಲಾಡೋದನ್ನೇ ನೋಡ್ತಾನೆ. ಓಣಿಯಲ್ಲಿ ಬಾಜಾಬಜಂತ್ರಿ ಬಂದರೆ ಕಿವಿ ಮುಚ್ಚಿಕೊಂಡು ಚೀರ್ತಾನೆ. ಈಗ ಅದಕ್ಕೆ ಆಟಿಸಂ ಅಂತಾರೆ. ಆಗ ಆ ಊರಲ್ಲಿ ಏನಂತಿದ್ದರು? ಹುಚ್ಚ ಅಂತಿದ್ದರು.

ನಾಗರಪಂಚಮಿ ಬಂತು ಅಂದರೆ ನಮ್ಮ ಕಡೆ ಏನು ಸಂಭ್ರಮ, ನಿಮಗೇ ಗೊತ್ತು. ಮನೆಮನೆಗೂ ಜೋಕಾಲಿ. ತಂಗಿಯರನ್ನ ಕೂರಿಸಿ ಅಣ್ಣಂದಿರು ತೂಗ್ತಾರೆ. ಓಣಿಯ ಹುಡುಗಿಯರೆಲ್ಲ ಮುಗಿಲು ಮುಟ್ಟಿ ಬರ್ತಿದ್ದರೆ, ನೀಲವ್ವ ತಾನೇ ಕಾಲಿಂದ ನೆಲ ಒದ್ದು ಜೀಕ್ತಿದ್ದಳು. ಜೀಕುತ್ತಾ ಜೀಕುತ್ತಾ ಅಣ್ಣನ ಕಡೆ ನೋಡ್ತಿದ್ದಳು. ಒಂದು ಸಲ 'ತಂಗೀ' ಅನ್ನಲಿ. ಒಂದೇ ಒಂದು ಸಲ.

ಒಳಗೆ ಅಜ್ಜಿ ಸೊಸೆಗೆ ಅಂತಿದ್ದಳು, "ಗ್ರಹಣದಾಗ ಹೊರಗ ಹೋಗಬ್ಯಾಡ ಅಂದಿದ್ದೆ, ಕೇಳಲಿಲ್ಲ. ಈಗ ಅನುಭವಿಸು." ಆ ತಾಯಿ, ಬಸಲಿಂಗವ್ವ, ಎದುರಾಡದೆ ಒಲೆ ಮುಂದೆ ಹೋಗಿ ಕೂರ್ತಿದ್ದಳು. ಗಂಡ? ಗಂಡ ಸುಮ್ಮನಿರ್ತಿದ್ದ. ನೋಡಿ, ಎಷ್ಟು ಮನೆಗಳಲ್ಲಿ ಹೀಗೇ ಇದೆ. ಒಬ್ಬರು ಅಂತಾರೆ, ಒಬ್ಬರು ಅನ್ನಿಸಿಕೊಳ್ತಾರೆ, ಒಬ್ಬರು ಸುಮ್ಮನಿರ್ತಾರೆ.

ಹುಡುಗಿ ಬೆಳೆದಳು, ಓದಿದಳು, ದೊಡ್ಡ ಶಹರದಲ್ಲಿ ವಿಜ್ಞಾನಿ ಆದಳು. ಎಂಥ ವಿಜ್ಞಾನಿ? ಅಣ್ಣನಂಥವರ ಮಿದುಳು ಹೇಗೆ ಕೆಲಸ ಮಾಡ್ತದೆ, ತಂದೆತಾಯಿಯಿಂದ ಬರುವ ಜೀನುಗಳಲ್ಲಿ ಏನು ಬೇರೆ ಇರ್ತದೆ, ಇದೇ ಅವಳ ಸಂಶೋಧನೆ. ಜೀನು ಅಂದರೆ ಗೊತ್ತಲ್ಲ? ಮೂಗು ಯಾರ ಹಾಗೆ, ಬಣ್ಣ ಯಾರ ಹಾಗೆ ಅಂತ ಕೂಸು ಹುಟ್ಟಿದ ಕೂಡಲೇ ನೋಡ್ತೀರಲ್ಲ, ಆ ಹೋಲಿಕೆಯನ್ನ ಹೊತ್ತು ತರೋದು ಅದು. ಯಾಕಮ್ಮ ಇದೇ ವಿಷಯ ಅಂತ ಜನ ಕೇಳಿದರೆ, ವಿಜ್ಞಾನದ ಸಲುವಾಗಿ ಅಂತಿದ್ದಳು. ನಿಜಕ್ಕೂ ಅವಳು ಆ ಯಂತ್ರಗಳಲ್ಲಿ ಹುಡುಕ್ತಿದ್ದದ್ದು ಏನು? ಅಣ್ಣನ ಬಾಯಿಂದ ಬಾರದೇ ಹೋದ ಒಂದು ಶಬ್ದ.

ಎಷ್ಟೋ ವರ್ಷದ ಮೇಲೆ ತನ್ನ ಮನೆಯವರ ರಕ್ತವನ್ನೂ ಪರೀಕ್ಷೆ ಮಾಡಿಸಿದಳು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ನೀಲವ್ವ ಊರಿಗೆ ಬಂದು, ಅವ್ವನನ್ನೂ ಅಪ್ಪನನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು ಹೇಳಿದಳು:

"ಅವ್ವಾ, ಗ್ರಹಣಕ್ಕೂ ಅಣ್ಣಗೂ ಸಂಬಂಧ ಇಲ್ಲ. ಎಷ್ಟೋ ಜೀನಿನಾಗ ಸಣ್ಣ ಸಣ್ಣ ಫರಕು ಅದಾವ. ಕೆಲವು ನಿನ್ನಿಂದ ಬಂದಾವ, ಕೆಲವು ಅಪ್ಪನಿಂದ. ಒಂದಿಷ್ಟು ನನ್ನೊಳಗೂ ಅದಾವ. ಯಾರ ತಪ್ಪೂ ಅಲ್ಲ."

ಬಸಲಿಂಗವ್ವ ಮಗಳ ಮುಖವನ್ನೇ ನೋಡಿದಳು. "ಹಂಗಾರ ನಾ ಏನೂ ಮಾಡಲಿಲ್ಲೇನವಾ?"

"ಏನೂ ಮಾಡಿಲ್ಲವ್ವಾ."

ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಜೀವಮಾನವೆಲ್ಲ ಒಲೆ ಮುಂದೆ ಕೂತು ನುಂಗಿದ್ದು ಆವತ್ತು ಹೊರಗೆ ಬಂತು. ಅಪ್ಪ ತಲೆ ಎತ್ತದೆ ಅಂದ, "ಇದನ್ನ ನಾನ ಹೇಳಬೇಕಿತ್ತು. ವಿಜ್ಞಾನ ಗೊತ್ತಿರದಿದ್ರೂ ಹೇಳಬಹುದಿತ್ತು."

ಕೇಳಿದಿರಾ ಗಂಡಸರೇ? ವಿಜ್ಞಾನ ಗೊತ್ತಿರದಿದ್ದರೂ ಹೇಳಬಹುದಿತ್ತು.

ಅವ್ವ ಕಣ್ಣು ಒರೆಸಿಕೊಂಡು ಮೆಲ್ಲಗೆ ಕೇಳಿದಳು, "ಕಾರಣ ಸಿಕ್ತಲ್ಲ ನೀಲವ್ವಾ. ಇನ್ನರ ಅಂವ ಮಾತಾಡ್ತಾನ?"

ಅದು ಎಲ್ಲಿಂದ ಬಂತು ಅಂತ ಮಗಳಿಗೆ ತಿಳಿದಿತ್ತು, ಹೇಗೆ ಮಾತಾಡಿಸೋದು ಅಂತ ತಿಳಿದಿರಲಿಲ್ಲ. ನೀಲವ್ವ ಎದ್ದು ಸೀದಾ ಕಟ್ಟೆಗೆ ಹೋದಳು. ಅಣ್ಣನ ಮುಖವನ್ನ ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿದಳು. "ಅಣ್ಣಾ, ಇಲ್ಲಿ ನೋಡು. ನಾನು ನೀಲವ್ವ. ತಂಗೀ ಅನ್ನು. ಒಂದು ಸಲ ಅನ್ನಣ್ಣಾ!" ಶಿವಬಸು ಚೀರಿದ. ಕೈ ಕೊಸರಿಕೊಂಡು ಒಳಗೆ ಓಡಿಹೋಗಿ ಕದ ಹಾಕಿಕೊಂಡ. ಹೊರಗೆ ನಿಂತು ಅವಳು ಆ ಕದಕ್ಕೆ ಹಣೆ ಹಚ್ಚಿದಳು.

ಶಹರಕ್ಕೆ ಹೋದಳು, ಕೆಲಸ ಮುಂದುವರಿಸಿದಳು. ಒಂದು ದಿನ ತನ್ನ ಅನುಭವ ಹೇಳಿ ಅವಳ ಸಂಶೋಧನೆಗೆ ನೆರವಾಗಲು ವಸುಮತಿ ಅಂತ ಒಬ್ಬಾಕೆ ಬಂದಳು. ಕಾಲೇಜಿನಲ್ಲಿ ಗಣಿತ ಕಲಿಸುವಾಕೆ. ಆಕೆಗೂ ಆಟಿಸಂ, ಆದರೆ ಚೆನ್ನಾಗಿ ಮಾತಾಡ್ತಾಳೆ. ಮಾತೆಲ್ಲ ಕಿಟಕಿ ನೋಡಿಕೊಂಡೇ.

"ನನ್ನ ಮುಖ ನೋಡಿದರೆ ಏನಾಗುತ್ತೆ ನಿಮಗೆ?" ಅಂತ ನೀಲವ್ವ ಕೇಳಿದಳು.

"ನಿಮ್ಮ ಕಣ್ಣು ನೋಡಿದರೆ ನಿಮ್ಮ ಮಾತು ಕೇಳಿಸಲ್ಲ ಮೇಡಂ. ಎಲ್ಲಾ ಒಟ್ಟಿಗೇ ನುಗ್ಗಿಬಿಡುತ್ತೆ. ಚಿಕ್ಕವಳಿದ್ದಾಗ ನಮ್ಮತ್ತೆ ಗದ್ದ ಹಿಡಿದು ಮಾತಾಡಿಸೋರು. ಪ್ರೀತಿಯಿಂದಾನೇ. ನನಗೆ ಮುಖಕ್ಕೆ ಬಿಸಿನೀರು ಎರಚಿದ ಹಾಗಿರೋದು."

ನೀಲವ್ವ ಪೆನ್ನು ಕೆಳಗಿಟ್ಟಳು. "ನಮ್ಮಣ್ಣನಿಗೂ ಹಾಗೇ ಆಗಿರಬಹುದಾ?"

"ನಿಮ್ಮಣ್ಣ ನನಗೆ ಗೊತ್ತಿಲ್ಲ. ನಮ್ಮಲ್ಲೂ ಒಬ್ಬೊಬ್ಬರು ಒಂದೊಂದು ಥರ."

ನೋಡಿ, ಅವಳಿಗೆ ಇದು ತಿಳಿಯದ ವಿಷಯವೇ? ಇಂಥ ಕೆಲವರಿಗೆ ಸದ್ದು, ಬೆಳಕು, ಮುಟ್ಟಿದ್ದು ಎಲ್ಲವೂ ಹೆಚ್ಚಾಗಿ ತಾಕ್ತದೆ ಅಂತ ಸಭೆಗಳಲ್ಲಿ ತಾನೇ ನಿಂತು ಹೇಳಿದವಳು. ಆದರೆ ಊರ ಬಸ್ಸು ಇಳಿದ ಕೂಡಲೇ ಅವಳು ತಂಗಿ ಆಗಿಬಿಡ್ತಿದ್ದಳು. ಹಂಬಲ ಅಷ್ಟು ದೊಡ್ಡದಿತ್ತು. ಹಂಬಲದ ಮುಂದೆ ಕಲಿತದ್ದು ನಿಲ್ಲಲಿಲ್ಲ.

ಮುಂದಿನ ಸಲ ಊರಿಗೆ ಬಂದಾಗ ಕೂಗಲಿಲ್ಲ, ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಒಂದು ಮೊಳ ದೂರ ಕೂತು, ಅಣ್ಣ ನೋಡೋ ಕಡೆಗೇ ನೋಡಿದಳು. ಅವ್ವ ಚಹಾ ತಂದಿಟ್ಟು ಹೋದಳು. ಚಹಾ ಆರಿತು. ಬಿಸಿಲು ಗೋಡೆಯಿಂದ ಇಳೀತು. ಇವಳು ಏಳಲಿಲ್ಲ, ಅವನೂ ಏಳಲಿಲ್ಲ.

ಸಂಜೆಯಾಗ್ತಾ ಬಂದಾಗ ಶಿವಬಸು ಸ್ವಲ್ಪ ಸರಿದ. ಇನ್ನೂ ಸ್ವಲ್ಪ ಸರಿದ. ಮುಖ ತಿರುಗಿಸಲಿಲ್ಲ. ತನ್ನ ಭುಜವನ್ನ ತಂಗಿಯ ಭುಜಕ್ಕೆ ಆನಿಸಿದ. ಭಾರ ಬಿಟ್ಟು ಆನಿಸಿದ.

ನೀಲವ್ವನ ಕಣ್ಣು ತುಂಬಿ ಬಂತು. ಬಾಚಿ ತಬ್ಬಿಕೊಳ್ಳಬೇಕು ಅಂತ ಕೈ ಎದ್ದೇಬಿಟ್ಟಿತ್ತು. ಆ ಕೈಯನ್ನ ಹಿಂದಕ್ಕೆ ತಂದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ತಾಯಂದಿರೇ, ಅವಳ ಜೀವನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ.

ಶಿವಬಸು ಮಾತಾಡಿದನೇ? ಇಲ್ಲ. ಇವತ್ತಿಗೂ ಇಲ್ಲ. ಅವಳ ಆಸೆ ಹೋಯಿತೇ? ಹೋಗಿಲ್ಲ. ಯಾರ ಮನೆಯಲ್ಲಾದರೂ ಯಾವನಾದರೂ 'ತಂಗೀ' ಅಂತ ಕೂಗಿದರೆ ಈಗಲೂ ಅವಳ ಕಿವಿ ನಿಮಿರ್ತದೆ. ಇರಲಿ ಬಿಡಿ. ಆಸೆ ಪಾಪ ಅಲ್ಲ. ಆಸೆಗೋಸ್ಕರ ಇನ್ನೊಬ್ಬರ ಗದ್ದ ಹಿಡಿದು ತಿರುಗಿಸ್ತೀವಲ್ಲ, ಅದನ್ನ ಬಿಡಬೇಕು.

ಈಗ ನಿಮ್ಮ ಕಡೆ ಬರ್ತೀನಿ. ಮೊನ್ನೆ ಇದೇ ಜಾಗಕ್ಕೆ ಒಬ್ಬ ತಾಯಿ ಮಗಳನ್ನ ಕರಕೊಂಡು ಬಂದಿದ್ದಳು. ಈ ಮೈಕಿನ ಸದ್ದಿಗೆ ಆ ಮಗು ಕಿವಿ ಮುಚ್ಚಿಕೊಂಡು ಅತ್ತಿತು. ನೀವೆಲ್ಲ ತಿರುಗಿ ತಿರುಗಿ ನೋಡಿದಿರಿ. 'ಬೆಳೆಸೋದು ಗೊತ್ತಿಲ್ಲ' ಅಂತ ಯಾರೋ ಅಂದಿರಿ. ಆಕೆ ಎದ್ದು ಹೋದಳು, ಮತ್ತೆ ಬಂದಿಲ್ಲ. ಇನ್ನು ಮೇಲೆ ಅಂಥ ತಾಯಿ ಸಿಕ್ಕರೆ ಬಸುರಲ್ಲಿ ಏನು ಮಾಡಿದ್ದೆ ಅಂತ ಕೇಳಬೇಡಿ. ಅಂಥ ಮಗುವಿನ ಕೆನ್ನೆ ಹಿಂಡಬೇಡಿ. ಪಕ್ಕದಲ್ಲಿ ಸರಿದು ಜಾಗ ಕೊಡಿ, ಸುಮ್ಮನೆ ಕೂಡಿ. ನಿಮ್ಮ ಮನೆಯಲ್ಲೇ ಮುಖ ಕೊಟ್ಟು ಮಾತಾಡದವರು ಇದ್ದಾರಲ್ಲ, ಅವರ ಹತ್ತಿರವೂ ಹಾಗೇ.

ಆ ತಾಯಿಯ ಮನೆ ನಿಮ್ಮಲ್ಲಿ ಯಾರಿಗೋ ಗೊತ್ತೇ ಇರ್ತದೆ. ಈಗಲೇ ಹೋಗುವಾಗ ಹೇಳಿ ಹೋಗಿ: ನಾಳೆ ಮೈಕು ಹಾಕೋದಿಲ್ಲ, ಸ್ವಾಮಿಗಳು ಬರೀ ಬಾಯಲ್ಲಿ ಮಾತಾಡ್ತಾರೆ, ಕೇಳಿಸದವರು ಮುಂದೆ ಬಂದು ಕೂಡ್ತಾರೆ. ನೀನು ಬಾ ತಾಯಿ, ಮಗಳನ್ನೂ ಕರಕೊಂಡು ಬಾ.