ಹೊಸದು ಹೊಸದಾಗೇ ಇರ್ಲಿ

ಹಲೋ… ಹಲೋ, ಯಾರು ಮಾತಾಡ್ತಿರೋದು? … ಯಾರು? … ಸ್ವಲ್ಪ ಬಾಯಿ ಬಿಟ್ಟು ಮಾತಾಡಿ, ಏನೂ ಕೇಳಿಸ್ತಿಲ್ಲ. ಫೋನಲ್ಲಿ ಹೆಸರು ಬಂದಿರುತ್ತೆ, ಈ ಮಬ್ಬಲ್ಲಿ ಅದು ಕಾಣಿಸಿದ್ರೆ ತಾನೆ.

… ಹಾಂ. ಅಳಿಯಂದಿರು. ಅದೇ ಅಂದ್ಕೊಂಡೆ, ಇಷ್ಟು ಗೊಣಗೊಣ ಅನ್ನೋರು ಇನ್ಯಾರು ಇರ್ತಾರೆ. ಫೋನಲ್ಲಿ ನೀವು ಮಾತಾಡಿದ್ರೆ ಬಾವಿಯೊಳಗೆ ಬಿದ್ದವರು ಮಾತಾಡಿದ ಹಾಗಿರುತ್ತೆ. ಈ ಹೊಸ ಫೋನ್ ತಗೊಂಡಾಗಿನಿಂದ ಹೇಳ್ತಾನೇ ಇದ್ದೀನಿ, ಎಲ್ಲರ ಹತ್ರಾನೂ ಹೇಳಿದ್ದೀನಿ, ನೀವು ತಿದ್ಕೊಳ್ಳಲ್ಲ. ಏನು ಸಮಾಚಾರ?

… ಇದ್ದಾಳೆ. ಇಲ್ಲೇ ಸೋಫಾ ಮೇಲೆ ಕೂತಿದ್ದಾಳೆ. ಇರಿ, ಕೇಳ್ತೀನಿ. ಅಮ್ಮಾ, ನಿನ್ನ ಗಂಡ. ಮಾತಾಡ್ತೀಯಾ? … ತಲೆ ಅಲ್ಲಾಡಿಸಿದ್ಲು. ಇಲ್ವಂತೆ. ಕಾರಲ್ಲಿ ಹಾಲು ಚೆಲ್ಲಿದ್ದು ನಾನೇ ಅಂತ ನೀವು ಬಾಯಿಬಿಟ್ಟು ಒಪ್ಕೊಳ್ಳೋವರೆಗೂ ಮಾತಿಲ್ಲ, ಮನೆಗೂ ಬರಲ್ಲ ಅಂತ ಬಂದ ದಿನವೇ ಹೇಳಿದ್ದಾಳೆ. ಹಟದಲ್ಲಿ ನನ್ನ ಹಾಗೇ, ನಾನೇನು ಮಾಡ್ಲಿ.

… ಚೆಲ್ಲಿಲ್ಲ. ಸರಿ, ಚೆಲ್ಲಿಲ್ಲ. ಹಾಗಾದ್ರೆ ಆ ಕೊಳೆತ ವಾಸನೆ ಎಲ್ಲಿಂದ ಬರುತ್ತೆ ಹೇಳಿ? ಎಂಟು ವರ್ಷ ಆ ಕಾರು ನನ್ನ ಕೈಯಲ್ಲಿತ್ತು, ಒಂದು ದಿನ ಯಾರೂ ಮೂಗು ಮುಚ್ಕೊಂಡಿಲ್ಲ. ಮಗಳು ಅಳಿಯ ಓಡಾಡ್ಲಿ ಅಂತ ತೊಳೆದು ಒರೆಸಿ ಕೊಟ್ಟೆ. ಒಂದು ವರ್ಷ ತುಂಬೋದ್ರೊಳಗೆ ಅವಳು ಅರ್ಧ ದಾರೀಲಿ ಇಳಿದು, ಬಸ್ ಹತ್ತಿ, ಕಣ್ಣೀರು ಹಾಕ್ಕೊಂಡು ತೌರಿಗೆ ಬಂದ್ಲು. ನಾನು ನಿಮ್ಮನ್ನ ಏನೂ ಅಂತಿಲ್ಲ, ನಡೆದಿರೋದನ್ನ ಹೇಳ್ತಿದ್ದೀನಿ ಅಷ್ಟೆ.

… ಏನು ಬದಲಾಯಿಸ್ತಿದ್ದೀರಾ? … ಎಸಿ ಫಿಲ್ಟರಾ? … ಯಾರು, ನೀವಾ? … ನೀವೇ? ನಿಮ್ಮ ಕೈಯಿಂದ?

… ಇಲ್ಲ ಇಲ್ಲ, ನಗ್ತಿಲ್ಲ. ಕೆಮ್ಮು ಅದು. ಅಲ್ಲಾ ಅಳಿಯಂದಿರೇ, ಹೋದ ವರ್ಷ ಗೋಡೆಗೆ ಒಂದು ಮೊಳೆ ಹೊಡೀತೀನಿ ಅಂತ ಹೋಗಿ ಪಕ್ಕದ ಮನೆಯವರ ಕಡೆ ತೂತು ಮಾಡಿದವರು ನೀವಲ್ವಾ? ಕೈಯಲ್ಲಿ ಏನು ಹಿಡ್ಕೊಂಡಿದ್ದೀರಾ ಈಗ? … ಕನ್ನಡಕದ ಸ್ಕ್ರೂಡ್ರೈವರಾ. ನಿಮ್ಮ ಕನ್ನಡಕದಂಗಡಿಯಿಂದ ತಂದ್ರಾ. ಚೆನ್ನಾಗಿದೆ. ಹಾಗೇ ಕಾರಿನ ಕಣ್ಣೂ ಒಂದ್ಸಲ ಪರೀಕ್ಷೆ ಮಾಡಿ, ದೂರದ್ದು ಕಾಣಿಸುತ್ತೋ ಹತ್ತಿರದ್ದೋ ಅಂತ.

… ಗಿರಾಕಿ ಹೇಳಿದ್ರಾ? ವಾಸನೆ ಫಿಲ್ಟರಿಂದಾನೂ ಬರುತ್ತೆ ಅಂತ? ಕನ್ನಡಕ ಹಾಕಿಸ್ಕೊಳ್ಳೋಕೆ ಬಂದವರು ಹೇಳಿದ್ರೆ ಕೇಳ್ತೀರಿ, ಮಾವ ಹೇಳಿದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತೀರಿ. ನೋಡಿ, ಆ ಕಾರಿನ ಫಿಲ್ಟರ್ ಹೊಸದು. ನಿಮಗೆ ಕೊಡೋಕೆ ಮುಂಚೆ ನಾನೇ ಕೂತು ಹಾಕಿದ್ದು, ಇದೇ ಅಂಗಳದಲ್ಲಿ. ನನಗದು ಎಡಗೈ ಕೆಲಸ. ನಿಮ್ಮತ್ತೆ ಕಾಫಿ ತರೋದ್ರೊಳಗೆ ಮುಗಿಸಿದ್ದೆ. ಅದು ಇಷ್ಟು ಬೇಗ ಕೆಡುತ್ತಾ? ಅಲ್ವಾ?

… ಗಾಳಿ ಕಮ್ಮಿ ಬರ್ತಿದೆಯಾ? ಫ್ಯಾನ್ ಪೂರ್ತಿ ಇಟ್ರೂನಾ? … ಕೊಟ್ಟ ದಿನದಿಂದಾನಾ? ಹಾಗಿರೋಕೆ ಸಾಧ್ಯವಿಲ್ಲ. ನನ್ನ ಕಾಲದಲ್ಲಿ ಹಿಂದಿನ ಸೀಟಲ್ಲಿ ಕೂತವರ ತಲೆಗೂದಲು ಹಾರ್ತಿತ್ತು. ಕಿಟಕಿ ತೆಗೆದಿಟ್ಟು ಎಸಿ ಹಾಕ್ತೀರೋ ಏನೋ, ಯಾರಿಗೆ ಗೊತ್ತು. ಆಯ್ತು, ಬಿಚ್ಚಿ. ಬಿಚ್ಚಿ ನೋಡಿದ್ರೆ ನಿಮಗೇ ಗೊತ್ತಾಗುತ್ತೆ, ಕೆಲಸ ಅಂದ್ರೆ ಹೇಗಿರುತ್ತೆ ಅಂತ. ಎಲ್ಲಿವರೆಗೂ ಬಂದಿದ್ದೀರಾ?

… ಏನೂ ಶುರು ಮಾಡಿಲ್ವಾ. ಇಷ್ಟೊತ್ತು ಕಾರಿನ ಮುಖ ನೋಡ್ತಾ ನಿಂತಿದ್ರಾ? ಸ್ಕ್ರೂಡ್ರೈವರ್ ಜೇಬಿಗೆ ಹಾಕಿ, ಅದರ ಕೆಲಸವೇ ಇಲ್ಲ ಇಲ್ಲಿ. ಡ್ರೈವರ್ ಪಕ್ಕದ ಸೀಟಿನ ಎದುರಿಗೆ ಡಬ್ಬಿ ಇದೆಯಲ್ಲ, ಕಾಗದಪತ್ರ ಇಡೋದು, ಅದನ್ನ ತೆಗೀರಿ. ಒಳಗಿರೋದೆಲ್ಲ ಖಾಲಿ ಮಾಡಿ… ಏನೇನು ಇದೆ? … ಕನ್ನಡಕ ಒರೆಸೋ ಬಟ್ಟೆ. ಹಾಂ. ಅವಳ ಕ್ಲಿಪ್ಪು. … ಇಷ್ಟೊಂದು ಕ್ಲಿಪ್ಪಾ? ಅಮ್ಮಾ, ನಿನ್ನ ಕ್ಲಿಪ್ಪೆಲ್ಲ ಸಿಕ್ತಂತೆ. … ಇಟ್ಕೊಂಡಿರ್ಲಿ ಅಂತಿದ್ದಾಳೆ. ಎಸೀಬೇಡಿ ಅಂತಾನೂ ಅಂತಿದ್ದಾಳೆ. ಏನಾದ್ರೂ ಮಾಡ್ಕೊಳ್ಳಿ ಇಬ್ರೂ.

… ಈಗ ಡಬ್ಬಿಯ ಎರಡೂ ಪಕ್ಕ ಹಿಡಿದು ಒಳಕ್ಕೆ ಒತ್ತಿ. … ಒತ್ತಿ, ಮುರಿಯಲ್ಲ. … ಅಷ್ಟೇನಾ ನಿಮ್ಮ ಶಕ್ತಿ? ಊಟ ಮಾಡಿದ್ರಾ ಇಲ್ವಾ? … ಮಾಡಿಲ್ವಾ? ಅದು ಬೇರೆ ವಿಷಯ. ಒತ್ತಿ… ಹಾಂ, ಕೆಳಕ್ಕೆ ಜೋತುಬಿತ್ತಾ? ಬಲಗಡೆ ಒಂದು ಸಣ್ಣ ದಾರದ ಥರದ್ದು ಹಿಡ್ಕೊಂಡಿರುತ್ತೆ, ಕೊಕ್ಕೆಯಿಂದ ಬಿಡಿಸಿ. ಎಳೀಬೇಡಿ, ಬಿಡಿಸಿ. ನೀವು ಎಳೆಯೋದು ನಾನು ನೋಡಿದ್ದೀನಿ.

… ಯಾವಾಗ ಅಂದ್ರೆ? ಕಾರು ಕೊಟ್ಟ ದಿನ. ಮರೆತುಹೋಯ್ತಾ? ಸೀಟಿನ ಪ್ಲಾಸ್ಟಿಕ್ ಕವರು. ಶೋರೂಮಿಂದ ಬಂದಾಗ ಹೇಗಿತ್ತೋ ಹಾಗೇ ಎಂಟು ವರ್ಷ ಕಾಪಾಡಿದ್ದೆ ನಾನು. ನೀವು ಕೀ ಕೈಗೆ ಬಂದ ತಕ್ಷಣ, ನನ್ನ ಕಣ್ಣೆದುರಿಗೇ, ಪರಪರ ಅಂತ ಹರಿದು ಮೂಲೆಗೆ ಎಸೆದ್ರಿ. ಬೆವರುತ್ತೆ ಮಾವ ಅಂತ ಹಲ್ಲು ಕಿರಿದ್ರಿ ಬೇರೆ. ಆವತ್ತೇ ನಿಮ್ಮತ್ತೆಗೆ ಹೇಳಿದೆ, ಇವರ ಕೈಯಲ್ಲಿ ಯಾವುದೂ ಬಾಳಲ್ಲ ಅಂತ.

… ಹಳೇ ಕಥೆಯೇ. ಇರ್ಲಿ. ಹಳೇ ವಸ್ತು ಹೊಸದಾಗಿರ್ಬೇಕಾದ್ರೆ ಹಳೇ ಕಥೆ ಕೇಳ್ಬೇಕು. ಕಾರ್ಖಾನೇಲಿ ಮೂವತ್ತು ವರ್ಷ ಸ್ಟೋರ್ ನೋಡ್ಕೊಂಡವನು ನಾನು. ಬಂದ ಸಾಮಾನು ಬಂದ ಕವರಲ್ಲೇ ಇರ್ಬೇಕು, ಹೊಸದು ಹೊಸದಾಗೇ ಇರ್ಬೇಕು. ನಮ್ಮನೆ ಟಿವಿ ರಿಮೋಟ್ ನೋಡಿ, ಒಂದು ಅಕ್ಷರ ಅಳಿಸಿಲ್ಲ. ಸೋಫಾ ನೋಡಿ. … ಹೌದು, ಶಬ್ದ ಬರುತ್ತೆ, ಈಗ ಚರಚರ ಅಂತ ಕೇಳಿಸ್ತಿರೋದು ಅದೇ, ನಿಮ್ಮ ಹೆಂಡತಿ ಈ ಕಡೆ ತಿರುಗಿ ಕೂತ್ಲು. ಶಬ್ದ ಬಂದ್ರೆ ಬರ್ಲಿ, ಬಟ್ಟೆ ಮಾಸಿದ್ಯಾ?

… ಸರಿ, ಡಬ್ಬಿ ಹಿಂದುಗಡೆ ಏನು ಕಾಣಿಸ್ತಿದೆ? … ಕಪ್ಪು ಮುಚ್ಚಳ, ಉದ್ದಕ್ಕೆ. ಅದೇ. ಎರಡು ತುದೀಲೂ ಒತ್ತಿದ್ರೆ ಬಿಟ್ಕೊಳ್ಳುತ್ತೆ. … ಬಂತಾ? ಪರವಾಗಿಲ್ವೆ. ಒಳಗೆ ಫಿಲ್ಟರ್ ಇರುತ್ತೆ, ಮೇಜಿನ ಡ್ರಾಯರ್ ಎಳೆದ ಹಾಗೆ ನಿಧಾನಕ್ಕೆ ಎಳ್ಕೊಳ್ಳಿ. ಅದರ ಮೇಲೆ ಬಾಣದ ಗುರುತಿರುತ್ತೆ, ಯಾವ ಕಡೆ ಇದೆ ಅಂತ ನೋಡ್ಕೊಳ್ಳಿ. ಅದು ಕೆಳಮುಖ ಇರ್ಬೇಕು. ಹೊಸದನ್ನೂ ಹಾಗೇ ಹಾಕ್ಬೇಕು, ತಲೆಕೆಳಗೆ ಹಾಕಿ ಆಮೇಲೆ ಮಾವನ ಮೇಲೆ ಹೇಳ್ಬೇಡಿ.

… ಏನು ಹೊಳೀತಿದೆ? … ಅಲ್ಲಾ, ನಾನು ಹೇಳ್ತಿರೋದು ಹಳೇ ಫಿಲ್ಟರ್. ನೀವು ಹೊಸದನ್ನ ಕೈಯಲ್ಲಿ ಹಿಡ್ಕೊಂಡು ಮಾತಾಡ್ತಿದ್ದೀರಾ. ಹೊಸದರ ಮೇಲೆ ತಾನೆ ಪ್ಲಾಸ್ಟಿಕ್ ಇರೋದು. … ಹಳೇದೇನಾ? … ಸರಿಯಾಗಿ ನೋಡಿ ಹೇಳಿ, ಕನ್ನಡಕ ಮಾರೋರು ನೀವು.

… ಪ್ಲಾಸ್ಟಿಕ್ ಕವರೊಳಗೇ ಇದೆಯಾ? ಪೂರ್ತಿ? … ಒಳಗೆ ನೀರು ಬೇರೆ ನಿಂತಿದ್ಯಾ. … ಬೂಷ್ಟು. ಕಪ್ಪಗಾ. … ವಾಸನೆ ಇಲ್ಲಿಂದಾನೇ ಬರ್ತಿರೋದಾ? … ಥೂ. ಯಾರ್ರೀ ಅವನು ಇದನ್ನ ಹಾಕಿದ್ದು? ಕವರ್ ಸಮೇತ ಹಾಕಿದ್ರೆ ಗಾಳಿ ಹೇಗೆ ಬರುತ್ತೆ, ಮೂಗಿಗೆ ಬಟ್ಟೆ ತುರುಕಿ ಉಸಿರಾಡು ಅಂದ ಹಾಗೆ. ತಲೇಲಿ ಏನು ಇಟ್ಕೊಂಡಿದ್ದ ಅವನು. ಇಂಥವರ ಕೈಗೆ ಕಾರು ಕೊಡ್ತಾರಲ್ಲ, ಅವರಿಗೆ ಬುದ್ಧಿ ಇಲ್ಲ ಮೊದಲು. ಯಾವ ಗ್ಯಾರೇಜಿಗೆ ಬಿಟ್ಟಿದ್ರಿ ಹೇಳಿ.

… ಎಲ್ಲಿಗೂ ಬಿಟ್ಟಿಲ್ವಾ? … ಸುಮ್ನೆ ಹೇಳ್ಬೇಡಿ. ನಾನು ಹಾಕಿದ್ದ ಒಳ್ಳೇ ಫಿಲ್ಟರ್ನ ಯಾರೋ ಎತ್ಕೊಂಡು ಈ ಕೊಳಕು ತುರುಕಿದ್ದಾರೆ. ನಿಮ್ಮ ಕಣ್ಣಿಗೆ ಮಣ್ಣೆರಚಿದ್ದಾರೆ, ನಿಮಗದು ಗೊತ್ತೂ ಆಗಿಲ್ಲ. ಹೆಂಡತಿ ವಾಸನೆ ಅಂದ್ರೆ ಇಲ್ಲ ಅಂತೀರಿ, ಮಾವ ಗ್ಯಾರೇಜ್ ಅಂದ್ರೆ ಇಲ್ಲ ಅಂತೀರಿ. ಇಲ್ಲ ಅನ್ನೋದೊಂದು ಕಲ್ತಿದ್ದೀರಿ.

… ತೆಗೀರಿ ಕವರ್ನ, ನೋಡೋಣ ಒಳಗೆ ಯಾವ ಸೀಮೆ ಫಿಲ್ಟರ್ ಇದೆ ಅಂತ. ಟೇಪ್ ಅಂಟಿಸಿದ್ರೆ ಬಿಡಿಸೋಕೆ ಉಗುರು ಬೇಕಾಗುತ್ತೆ, ನಿಮ್ಮ ಕೈಯಲ್ಲಿ… ಬಂತಾ? ಅಷ್ಟು ಬೇಗ? … ಹಾಂ, ಟೇಪಿನ ತುದಿ ಮಡಚಿತ್ತಾ. ಸದ್ಯ, ಅಷ್ಟಾದ್ರೂ ಬುದ್ಧಿ ಇತ್ತು ಅವನಿಗೆ. ತುದಿ ಒಂದಿಷ್ಟು ಒಳಕ್ಕೆ ಮಡಚಿ ಅಂಟಿಸಿದ್ರೆ ಆಮೇಲೆ ಹಿಡಿದು ಎಳೆಯೋಕೆ ಸುಲಭ, ಕೆರೆಯೋದೇ ಬೇಡ. ಸ್ಟೋರಲ್ಲಿ ಎಲ್ಲರಿಗೂ ಹೇಳಿಕೊಟ್ಟೆ, ಒಬ್ಬನೂ ಕಲೀಲಿಲ್ಲ. ಆ ಥರ ಮೂಲೆ ಮಡಚೋದು ಇವತ್ತಿಗೂ ನಾನೊಬ್ಬನೇ…

…

… ಇದ್ದೀನಿ. ಲೈನಲ್ಲೇ ಇದ್ದೀನಿ.

… ಕಂದು ಬಣ್ಣದ ಟೇಪಾ? … ಹೂಂ.

… ಏನಿಲ್ಲಮ್ಮಾ, ನೀನು ಕೂತ್ಕೋ. ಏನೋ ಫಿಲ್ಟರ್ ವಿಷಯ. … ಏನೂ ಸಿಕ್ಕಿಲ್ಲ. ಕೂತ್ಕೋ ಅಂದ್ನಲ್ಲ.

… ಅಳಿಯಂದಿರೇ, ಸ್ವಲ್ಪ ಮೆತ್ತಗೆ. ಅಲ್ಲ, ಜೋರಾಗೇ ಹೇಳಿ, ನನಗೆ ಕೇಳಿಸ್ಬೇಕಲ್ಲ. ನೋಡಿ, ಅವತ್ತು ಕವರಿಂದ ತೆಗೆದು ಎಲ್ಲಾ ಸರಿಯಾಗಿದ್ಯಾ ಅಂತ ನೋಡಿದ್ದೆ. ಬೆಳ್ಳಗಿತ್ತು. ಧೂಳಲ್ಲಿ ಕೂತ್ಕೊಳ್ಳೋ ವಸ್ತು, ಹಾಗೇ ಬಿಟ್ರೆ ಎರಡು ದಿನಕ್ಕೆ ಕಪ್ಪಾಗುತ್ತಲ್ಲ ಅನ್ನಿಸ್ತು. ಹೊಸದು ಹೊಸದಾಗೇ ಇರ್ಲಿ ಅಂತ ಮತ್ತೆ ಕವರೊಳಗೆ… ನೀವು ಈಗ ಏನೂ ಹೇಳ್ಬೇಡಿ.

… ಏನಂದ್ರಿ? … ಇನ್ನೊಂದ್ಸಲ ಹೇಳಿ. … ಹಾಲು ನಾನೇ ಚೆಲ್ಲಿದ್ದು ಅಂತ ಹೇಳ್ಬಿಡ್ತೀರಾ? … ಫಿಲ್ಟರ್ ಎಸೆದು, ಇದನ್ನ ಯಾರಿಗೂ ಹೇಳದೆ? … ಅವಳು ಮನೆಗೆ ಬಂದ್ರೆ ಸಾಕಾ?

… ನಾಚಿಕೆ ಆಗಲ್ವಾ ನಿಮಗೆ? ಚೆಲ್ಲದೇ ಇರೋ ಹಾಲನ್ನ ಚೆಲ್ಲಿದೆ ಅನ್ನೋದಾ? ಇಷ್ಟು ದಿನ ಇಲ್ಲ ಇಲ್ಲ ಅಂತ ಗಟ್ಟಿಯಾಗಿ ನಿಂತಿದ್ದು, ಅದೊಂದೇ ನನಗೆ ನಿಮ್ಮಲ್ಲಿ ಸ್ವಲ್ಪ ಹಿಡಿಸಿದ್ದು. ಈಗ ಯಾರ ಮುಖ ಉಳಿಸೋಕೆ ಈ ಸುಳ್ಳು? ನನ್ನ ಮುಖಾನಾ? ನಿಮ್ಮಿಂದ ಉಳಿಯೋ ಅಂಥ ಮುಖ ಅಲ್ಲ ಇದು. ಬಾಯಿ ಮುಚ್ಕೊಂಡು ಲೈನಲ್ಲಿರಿ.

ಅಮ್ಮಾ, ಇಲ್ಲಿ ಕೇಳು. ನಿನ್ನ ಗಂಡ ಹಾಲು ಚೆಲ್ಲಿಲ್ಲ. … ಚೆಲ್ಲಿಲ್ಲ ಅಂದ್ರೆ ಚೆಲ್ಲಿಲ್ಲ. ವಾಸನೆ ಫಿಲ್ಟರಿಂದು. ಅದಕ್ಕೆ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. … ಯಾರು ಬಿಟ್ಟಿದ್ದು ಅಂತ ಕೇಳ್ತೀಯಲ್ಲ, ಹುಟ್ಟಿದಾಗಿನಿಂದ ಈ ಮನೇಲಿ ಬೆಳೆದವಳು. ಕವರ್ ಕೀಳದೆ ಇರೋರು ಇಲ್ಲಿ ಎಷ್ಟು ಜನ ಇದ್ದಾರೆ? ನಿನ್ನ ತಾಯಿನಾ? ನೀನು ಕೂತಿರೋ ಸೋಫಾನೇ ಕೇಳು, ಅದೇ ಹೇಳುತ್ತೆ.

… ಅಳಿಯಂದಿರೇ, ಹೇಳಿದೆ. … ನನ್ನ ಮುಖಾನೇ ನೋಡ್ತಿದ್ದಾಳೆ. … ಎದ್ಲು. … ಗೊತ್ತಿಲ್ಲ, ಒಳಗೆ ಹೋದ್ಲು. … ನಗ್ತಿದ್ದಾಳೋ ಅಳ್ತಿದ್ದಾಳೋ ಹೇಗೆ ಹೇಳ್ಲಿ, ಸೆರಗು ಬಾಯಿಗೆ ಹಿಡ್ಕೊಂಡಿದ್ಲು. … ಬ್ಯಾಗ್ ತೆಗೆದ ಸದ್ದು ಬಂತು.

… ಹೂಂ. ಬರ್ತಾಳೆ ಅನ್ಸುತ್ತೆ. … ಏನು ಥ್ಯಾಂಕ್ಸು, ಸುಮ್ನಿರಿ. ಹೊಸ ಫಿಲ್ಟರ್ ಎತ್ಕೊಳ್ಳಿ ಈಗ. … ಬಾಣ ಕೆಳಮುಖ. … ಕವರು? … ತೆಗೀರಿ. … ಹೌದು, ಪೂರ್ತಿ ತೆಗೀರಿ. … ಮತ್ತೆ ಮತ್ತೆ ಕೇಳ್ಬೇಡಿ, ತೆಗೆದು ಹಾಕಿ ಅಂದೆ. ಮುಚ್ಚಳ ಹಾಕಿ, ಡಬ್ಬಿ ಸಿಕ್ಕಿಸಿ. ಅವಳ ಕ್ಲಿಪ್ಪೆಲ್ಲ ವಾಪಸ್ ಇಡಿ. ಫ್ಯಾನ್ ಹಾಕಿ ನೋಡಿ.

… ಬರ್ತಿದ್ಯಾ? … ಜೋರಾಗಿ? … ಕಾಗದ ಹಾರ್ತಿದ್ಯಾ. ನಾನು ಹೇಳಲಿಲ್ವಾ, ಕಾರು ಒಳ್ಳೇದು ಅಂತ.

… ಏನು? … ಏನೋ ಹೇಳ್ತಿದ್ದೀರಿ, ಕೇಳಿಸ್ತಿಲ್ಲ ಮತ್ತೆ. ಊಟ… ಎಲ್ಲಿ? … ಗೊಣಗ್ಬೇಡಿ ಅಂದ್ನಲ್ಲ. … ಏನಮ್ಮಾ? ಬ್ಯಾಗ್ ತುಂಬಿಸಿದ್ಯಾ? … ಫೋನ್ ಯಾಕೆ ನಿನಗೆ, ನಾನು ಮಾತಾಡ್ತಿದ್ದೀನಿ. … ಏಯ್, ಬಿಡು. ಫೋನ್ ಮೇಲಿರೋ ಪ್ಲಾಸ್ಟಿಕ್ ಹಾಳೆ ಕೀಳ್ಬೇಡ. ಅಂಗಡಿಯವನು ಹಾಕಿಕೊಟ್ಟಿದ್ದು ಅದು, ಹೊಸದು, ಕೀಳ್ಬೇಡ ಅಂದ್ರೆ… ಕಿತ್ತೇ ಬಿಟ್ಲು, ಸದ್ದು ಬರೋ ತೂತಿನ ಮೇಲಿದ್ದದ್ದೂ ಸೇರಿ.

… ಹಲೋ? … ಅಯ್ಯೋ, ಅಷ್ಟು ಜೋರಾಗಿ ಯಾಕೆ ಕಿರುಚ್ತೀರಾ, ಕಿವಿ ತೂತು ಬೀಳುತ್ತೆ. … ಯಾವಾಗಲೂ ಇಷ್ಟೇ ಜೋರಾಗಿ ಮಾತಾಡೋದಾ ನೀವು? … ನನ್ನ ಹತ್ರ ಮಾತ್ರಾನಾ? … ಗಂಟಲು ನೋಯುತ್ತಾ ಆಮೇಲೆ? … ಹೂಂ.

… ಇಲ್ಲ, ಈಗ ಸ್ಪಷ್ಟವಾಗಿ ಕೇಳಿಸ್ತಿದೆ. ನಿಮ್ಮ ಧ್ವನಿ ಹೀಗಿದೆಯಾ. … ನೋಡಿ ಅಳಿಯಂದಿರೇ, ನೀವು ಗೊಣಗ್ತೀರಿ ಅಂತ ನಾನು ಎಲ್ಲರ ಹತ್ರ… ಒಂದು ಮಾತು ಹೇಳ್ಬೇಕಿತ್ತು ನಿಮಗೆ. ಅದೇನಂದ್ರೆ… ಹಲೋ? … ಹಲೋ?

… ಕಟ್ಟಾಯ್ತು. ಕೆನ್ನೆ ತಗುಲಿ ಕಟ್ಟಾಯ್ತು. ನೋಡಿದ್ಯೇನಮ್ಮಾ, ಅದಕ್ಕೇ ನಾನು ಕವರ್ ಕೀಳ್ಬೇಡ ಅಂದಿದ್ದು.