ಗಾಜಿನೊಳಗೆ ಹೋದ ಕನ್ನೋನ್ ತಾಯಿ

ಅಧ್ಯಕ್ಷತೆ ವಹಿಸಿರುವ ಮೇಯರ್ ನಿಶಿಗಾಕಿಯವರೇ, ಈ ವಸ್ತುಸಂಗ್ರಹಾಲಯದ ನಿರ್ದೇಶಕಿಯವರೇ, ಇದನ್ನು ಕಟ್ಟಿದ ವಾಸ್ತುಶಿಲ್ಪಿ ಹತಕೆನಾಕ ಅವರೇ, ಬಿಸಿಲಿನಲ್ಲಿ ಕೂತಿರುವ ನಮ್ಮ ದೇವಾಲಯದ ಒಕ್ಕಲಿನವರೇ, ಸಭಿಕರೇ,

ಈ ದೇವಾಲಯದ ಗುರುವಾಗಿ ನಾನು ನಾಲ್ಕು ಒಳ್ಳೆಯ ಮಾತಾಡಬೇಕಂತೆ. ಆಡುತ್ತೇನೆ. ಕಟ್ಟಡ ಚೆನ್ನಾಗಿದೆ. ಒಂದು ಮರವನ್ನೂ ಕಡಿಯದೆ, ಅರ್ಧ ನೆಲದೊಳಗೆ ಇಳಿಸಿ, ದೇವಾಲಯದ ಸೂರಿಗಿಂತ ತಗ್ಗಾಗಿ ಕಟ್ಟಿದ್ದಾರೆ. ಕಾಂಕ್ರೀಟ್ ಗೋಡೆ ನೋಡಿದ ನಮ್ಮ ಹಿರಿಯರೊಬ್ಬರು ಕಾರು ಎಲ್ಲಿಂದ ಒಳಗೆ ಬಿಡಬೇಕೆಂದು ಕೇಳಿದರು. ಇರಲಿ. ಸೋರುವ ಸೂರಿನಡಿ ಹುಳು ಹಿಡಿಯುತ್ತಿದ್ದ ನಮ್ಮ ಮರದ ಮೂರ್ತಿಗೆ, ಕರುಣೆಯ ದೇವಿ ಕನ್ನೋನ್ ತಾಯಿಗೆ, ಇಂಥ ಮನೆ ಬೇಕಿತ್ತು. ಒಪ್ಪಿದವನೂ ನಾನೇ.

ಆದರೆ ಮೂರ್ತಿಯನ್ನು ಸಾಗಿಸುವ ಮೊದಲು ಅದರ ಪ್ರಾಣ ಇಳಿಸುವ ವಿಧಿಯಿದೆ. ಆಮೇಲೆ ಅದು ಬರಿಯ ಮರ. ಲಾರಿಗೆ ಹಾಕಬಹುದು, ಬೆಳಕು ಬಿಟ್ಟು ತೋರಿಸಬಹುದು, ಪಕ್ಕದಲ್ಲಿ ಫಲಕ ನಿಲ್ಲಿಸಬಹುದು. ಮತ್ತೆ ಪ್ರಾಣ ತುಂಬುವುದು ಬೇಡ, ನೀರು ಅನ್ನದ ಸೇವೆಯೂ ಇನ್ನು ಬೇಡ ಎಂದು ವಸ್ತುಸಂಗ್ರಹಾಲಯದವರು ತಿಳಿಸಿದ್ದರು.

ಆ ವಿಧಿಯ ದಿನ ನಾನು ದೇವಾಲಯದ ಬಾಗಿಲು ಹಾಕಿಕೊಂಡು ತಾಯಿಯ ಮುಂದೆ ಕೂತೆ. ನನ್ನ ಹೆಂಡತಿ ಶಿಜುನೊ ಬೆಳಿಗ್ಗೆ ಬೆಳಿಗ್ಗೆ ನೀರಿಟ್ಟು, ತಾಯಿಯ ಹತ್ತಿರ ನನ್ನ ಮೇಲೆ ಚಾಡಿ ಹೇಳುತ್ತಿದ್ದ ಜಾಗ ಅದು. "ಊರಿಗೆಲ್ಲ ಇವರು ದೊಡ್ಡ ಗುರುಗಳು. ಮನೇಲಿ ಕಾಲ್ಚೀಲ ಎಲ್ಲಿದೆ ಅಂತಾನೂ ಗೊತ್ತಿಲ್ಲ. ಸ್ವಲ್ಪ ನೋಡ್ಕೊಳಮ್ಮ." ಹೋದ ಚಳಿಗಾಲ ಅವಳು ತೀರಿಕೊಂಡಳು. ಅವಳ ಮಾತನ್ನೆಲ್ಲ ಕೇಳಿಸಿಕೊಂಡವಳನ್ನು ನಾನು ಮರ ಮಾಡಬೇಕೆ? ಯಾರಿಗಾಗಿ? ಮಂತ್ರ ಗೊತ್ತಿತ್ತು. ಹೇಳಲಿಲ್ಲ. ಹೇಳುವುದೂ ಇಲ್ಲ.

ಈ ಗೋಡೆಯ ಹಿಂದೆ ಕನ್ನೋನ್ ತಾಯಿ ಪ್ರಾಣಸಮೇತ ನಿಂತಿದ್ದಾಳೆ. ನಿರ್ದೇಶಕಿಯವರು ಹತಕೆನಾಕ ಅವರನ್ನು ಹಾಗೆ ನೋಡುವುದು ಬೇಡ, ಅವರಿಗೂ ಈಗಲೇ ಗೊತ್ತಾಗುತ್ತಿರುವುದು.

ಮೀನು ಮಾರುವ ಸುಗಿಮೋರಿ ಅಜ್ಜಿ ಮೊನ್ನೆ ಕೇಳಿದರು, "ಗುರುಗಳೇ, ಗಾಜಿನಾಚೆ ನಿಂತ್ರೆ ಅಮ್ಮನಿಗೆ ನಮ್ಮ ಮಾತು ಕೇಳ್ಸುತ್ತಾ?" ಕೇಳಿಸುತ್ತದೆ ಅಜ್ಜಿ. ಧೈರ್ಯವಾಗಿ ಬನ್ನಿ.

ಧೂಪ ಹಚ್ಚುವುದಿಲ್ಲ. ಹುಳದಿಂದ ಉಳಿಸಿಕೊಂಡವಳನ್ನು ಹೊಗೆಯಿಂದ ಕೆಡಿಸುವಷ್ಟು ದಡ್ಡ ನಾನಲ್ಲ. ಆದರೆ ನಾಳೆ ಬೆಳಿಗ್ಗೆ ನೀರಿನ ಬಟ್ಟಲು ಹಿಡಿದು ಬರುತ್ತೇನೆ. ಬಾಗಿಲು ತೆರೆದರೆ ಗಾಜಿನ ಮುಂದೆ ಇಡುತ್ತೇನೆ, ತೆರೆಯದಿದ್ದರೆ ಮೆಟ್ಟಿಲ ಮೇಲೆ. ಪ್ರಾಣ ಇಳಿಸಲು ಬೇರೆ ಗುರುವನ್ನು ಕರೆಸುವಿರಾ? ಕರೆಸಿ. ಅವರು ಮೊದಲು ನನ್ನನ್ನು ದಾಟಿ ಹೋಗಬೇಕು. ಶಿಜುನೊ ಇನ್ನು ಬರುವುದಿಲ್ಲವೆಂದು ತಾಯಿಗೆ ನಾನಿನ್ನೂ ಹೇಳಿಲ್ಲ.

ತಾಳ್ಮೆಯಿಂದ ಕೇಳಿದವರಿಗೂ, ಕೋಪದಿಂದ ಕೇಳಿದವರಿಗೂ ಕೃತಜ್ಞ. ನಮಸ್ಕಾರ.